ಕಲ್ಲಿನ ಕೊನೆಯ ಸಾಲು

ಗೊನ್ಸಾಲು ವಿಡಿಗಾಲ್ ತನ್ನ ಬೇರುಗಳನ್ನು ಹುಡುಕಿಕೊಂಡು ಲಿಸ್ಬನ್ನಿನಿಂದ, ಹಿಂದೆ ಪೋರ್ಚುಗೀಸರ ಕೈಯಲ್ಲಿದ್ದ ಚೀನಾದ ಮಕಾವಿಗೆ ಬಂದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಜೊತೆಗೆ ಎರಡು ಸೂಟ್‌ಕೇಸು, ಒಬ್ಬ ಹೆಂಡತಿ, ಹನ್ನೊಂದು ದಿನದ ರಜೆ. ಬೇರುಗಳು ಸಿಗಲಿಲ್ಲ ಎನ್ನುವಂತಿಲ್ಲ. ಮೊದಲ ದಿನವೇ ಅವು ಬಾಗಿಲು ತೆಗೆದು, ಅವನ ಬೂಟು ಬಿಚ್ಚಿಸಿ, ಊಟಕ್ಕೆ ಕೂರಿಸಿದವು. ಅವನಿಗೆ ಗುರುತು ಹತ್ತಲಿಲ್ಲ, ಅಷ್ಟೆ.

ಬಾಗಿಲು ತೆಗೆದವಳು ಬೆನ್ವಿಂದಾ ದೊ ರೊಸಾರಿಯೊ. ವಯಸ್ಸು ಎಪ್ಪತ್ತೊಂದು. ಮುಖ ಚೀನೀಯರದು, ಕೊರಳಲ್ಲಿ ಶಿಲುಬೆ. ಸಾವಿರದ ಒಂಬೈನೂರ ನಲವತ್ತೆಂಟರಲ್ಲಿ ಸನ್ಯಾಸಿನಿಯರ ಮಠದ ಮೆಟ್ಟಿಲ ಮೇಲೆ ಮೀನಿನ ಬುಟ್ಟಿಯೊಳಗೆ ಸಿಕ್ಕಿದ ಕೂಸು. ಹೆಸರು, ಮನೆತನದ ಹೆಸರು, ಹುಟ್ಟಿದ ದಿನ ಮೂರನ್ನೂ ಸನ್ಯಾಸಿನಿಯರು ಒಂದೇ ಬೆಳಿಗ್ಗೆ ಕೊಟ್ಟು ಮುಗಿಸಿದ್ದರು. ಆರು ವರ್ಷವಾದಾಗ ಗೊನ್ಸಾಲುವಿನ ಅಜ್ಜಿ ದೋನಾ ಎರ್ಮೀನಿಯಾ ವಿಡಿಗಾಲ್ ಅವಳನ್ನು ಮನೆಗೆ ಕರೆತಂದಳು. ಅಂಥ ಹುಡುಗಿಯರನ್ನು ಊರಿನ ಪೋರ್ಚುಗೀಸ್-ಚೀನೀ ಮಿಶ್ರ ಮನೆತನದವರು ‘ಸಾಕಿದವಳು’ ಎನ್ನುತ್ತಿದ್ದರು. ಮಗಳೂ ಅಲ್ಲ, ಕೆಲಸದವಳೂ ಅಲ್ಲ; ಅನುಕೂಲ ಬಿದ್ದಂತೆ ಎರಡೂ. ನೆಂಟರಿಲ್ಲದ ದಿನ ಬೆನ್ವಿಂದಾ ಮೇಜಿನ ಮುಂದೆ ಉಣ್ಣುತ್ತಿದ್ದಳು, ನೆಂಟರು ಬಂದ ದಿನ ಅಡುಗೆಮನೆಯಲ್ಲಿ. ನೆಂಟರು ಬಹಳ ಬರುವ ಮನೆ ಅದು.

“ಇವಳೇ ಬೆನ್ವಿಂದಾ,” ಎಂದು ಗೊನ್ಸಾಲು ಹೆಂಡತಿ ಮಫಾಲ್ಡಾಗೆ ಹೇಳಿದ. “ಅಜ್ಜಿ ಮನೇಲಿ ಕೆಲಸಕ್ಕಿದ್ಲು. ಪಾಪ, ಇನ್ನೂ ಇಲ್ಲೇ ಇದಾಳೆ.” ಆಮೇಲೆ ಬೆನ್ವಿಂದಾಳ ಕಡೆ ತಿರುಗಿ, ಕಿವುಡರಿಗೆ ಹೇಳುವ ಹಾಗೆ, ಇಂಗ್ಲಿಷಿನಲ್ಲಿ, ಬಾಯಿಗೆ ತುತ್ತಿಡುವ ಸನ್ನೆ ಮಾಡುತ್ತ, “ಊಟ? ಊಟ ಇದೆಯಾ?” ಎಂದ.

“ಇದೆ ಮೆನಿನೊ. ಬಿಸಿಯಾಗೇ ಇದೆ. ಕೈ ತೊಳ್ಕೊಂಡು ಬಾ,” ಎಂದಳು ಬೆನ್ವಿಂದಾ, ಪೋರ್ಚುಗೀಸಿನಲ್ಲಿ.

ಅವಳ ಪೋರ್ಚುಗೀಸು ಸನ್ಯಾಸಿನಿಯರ ಬೆತ್ತದ ಕೆಳಗೆ ಕಲಿತದ್ದು. ಲಿಸ್ಬನ್ನಿನಲ್ಲಿ ಈಗ ಯಾರೂ ಅಷ್ಟು ತಿದ್ದಿ ತೀಡಿ ಮಾತಾಡುವುದಿಲ್ಲ. ದೋನಾ ಎಂದರೆ ಅಮ್ಮಾವ್ರು, ಮೆನಿನೊ ಎಂದರೆ ಚಿಕ್ಕ ಧಣಿ. ಮನೆಯ ಗಂಡುಮಕ್ಕಳನ್ನು ಹಾಗೇ ಕರೆಯಬೇಕೆಂದು ದೋನಾ ಕಲಿಸಿದ್ದಳು. ಎಷ್ಟನೇ ವಯಸ್ಸಿನವರೆಗೆ ಎಂದು ಹೇಳಿರಲಿಲ್ಲ. ನಾಲ್ಕು ವರ್ಷದವನಿದ್ದಾಗ ಅಪ್ಪ ಅಮ್ಮನ ಜೊತೆ ಹಡಗು ಹತ್ತಿದ ಈ ಮೆನಿನೊನ ತಲೆಯಲ್ಲಿ ಈಗ ಕೂದಲು ಕಡಿಮೆ, ಅಭಿಪ್ರಾಯ ಜಾಸ್ತಿ.

ಊಟಕ್ಕೆ ಮಿಂಚಿ ಮಾಡಿದ್ದಳು. ಕೊಚ್ಚಿದ ಹಂದಿಮಾಂಸ, ಎಣ್ಣೆಯಲ್ಲಿ ಕರಿದ ಆಲೂಗಡ್ಡೆ ತುಂಡು, ಅನ್ನ, ಮೇಲೊಂದು ಮೊಟ್ಟೆ. ಗೊನ್ಸಾಲು ಮೊದಲು ತಟ್ಟೆಯ ಫೋಟೊ ತೆಗೆದ, ಮೊಟ್ಟೆಯನ್ನು ಬಲಕ್ಕೆ ಸರಿಸಿ ಇನ್ನೊಂದು ತೆಗೆದ. ತಿನ್ನುವಷ್ಟರಲ್ಲಿ ಅದು ಆರಿತ್ತು.

“ಸ್ವಲ್ಪ ಸಪ್ಪೆ ಆಯ್ತು,” ಎಂದ. “ನಾನು ಮನೇಲಿ ಮಾಡೋದನ್ನ ನೀನು ತಿನ್ಬೇಕು ಬೆನ್ವಿಂದಾ. ಆಲಿವ್ ಹಾಕ್ತೀನಿ.”

“ಹಾಕು ಮೆನಿನೊ. ಅಲ್ಲಿ ಕೇಳೋರು ಯಾರಿದಾರೆ?”

ಅವನಿಗೆ ಊರಿನ ಹಳೆಯ ಬೆರಕೆ ಮಾತೂ ಬರುತ್ತಿತ್ತಂತೆ. ಕಂಪ್ಯೂಟರಿನ ಮುಂದೆ ಕೂತು ಎಂಟು ವಾರ ಕಲಿತಿದ್ದ. ಆ ಮಾತಿನಲ್ಲಿ ಬೆನ್ವಿಂದಾ ಒಂದು ವಾಕ್ಯ ಹೇಳಿದ್ದೇ ತಡ, ತಿದ್ದಿದ.

“ಹಾಗಲ್ಲ. ನಮ್ಮ ಪಾಠದಲ್ಲಿ ಬೇರೆ ಥರ ಇದೆ.”

“ಪಾಠ ಹೇಳ್ಕೊಟ್ಟೋರು ಯಾರು?”

“ಪೋರ್ಟೊ ಕಡೆಯ ಪ್ರೊಫೆಸರೊಬ್ಬರು.”

“ಅವರ ಅಜ್ಜಿ ಇಲ್ಲಿ ಯಾವ ಬೀದಿಯವರು?”

ಗೊನ್ಸಾಲು ನಕ್ಕ. ಅದು ಪ್ರಶ್ನೆ ಎಂದು ಅವನಿಗೆ ಹೊಳೆಯಲಿಲ್ಲ. ಎರಡು ನಾಗರಿಕತೆಗಳ ಸಂಗಮ ಎಂಬ ಮಾತನ್ನು ಆ ಊಟದಲ್ಲಿ ಅವನು ನಾಲ್ಕು ಸಲ ಹೇಳಿದ. ನಾಲ್ಕನೆಯ ಸಲ ಸಂಗಮವು ಅವನ ಎಂಜಲು ತಟ್ಟೆಯನ್ನು ಎತ್ತಿಕೊಂಡು ಒಳಗೆ ಹೋಯಿತು.

ಬೆನ್ವಿಂದಾ ಇಷ್ಟನ್ನೆಲ್ಲ ಸಹಿಸಿಕೊಂಡದ್ದಕ್ಕೆ ಕಾರಣವಿತ್ತು. ಪ್ರಾರ್ಥನೆ ಪುಸ್ತಕದೊಳಗೆ ಅವಳೊಂದು ಅರ್ಜಿ ಮಡಿಸಿ ಇಟ್ಟಿದ್ದಳು. ಅದಕ್ಕೆ ಗೊನ್ಸಾಲುವಿನ ಸಹಿ ಬೇಕಿತ್ತು.

ಸಾನ್ ಮಿಗೆಲ್ ಸ್ಮಶಾನದಲ್ಲಿ ಗೋರಿಗಳು ಎರಡು ಬಗೆ: ಶಾಶ್ವತದ್ದು, ಬಾಡಿಗೆಯದ್ದು. ಬಾಡಿಗೆಯದಕ್ಕೆ ಏಳು ವರ್ಷ. ಅದು ಮುಗಿದ ಮೇಲೆ ಮನೆಯವರು ಬಂದು ಮೂಳೆ ತೆಗೆಸಿಕೊಂಡು ಹೋಗಬೇಕು. ಬೆನ್ವಿಂದಾಳಿಗೆ ಬರುವ ಮನೆಯವರಿರಲಿಲ್ಲ. ವಿಡಿಗಾಲ್‌ಗಳದ್ದು ಶಾಶ್ವತ ಗೋರಿ. ಕಲ್ಲಿನ ಮೇಲೆ ಆರು ಹೆಸರು, ಎಲ್ಲ ಚಿನ್ನದ ಬಣ್ಣದ ಅಕ್ಷರ, ಕೊನೆಯದು ದೋನಾ ಎರ್ಮೀನಿಯಾಳದ್ದು. ಅದರ ಕೆಳಗೆ ಇನ್ನೊಂದೇ ಸಾಲಿಗೆ ಜಾಗ ಉಳಿದಿತ್ತು.

ಆ ಜಾಗ ನಿನ್ನದು ಎಂದು ಸಾಯುವ ಮುಂಚೆ ದೋನಾ ಹೇಳಿದ್ದಳು. ಬೆನ್ವಿಂದಾ ಅದನ್ನು ಪ್ರೀತಿ ಎಂದು ತಪ್ಪು ತಿಳಿದಿರಲಿಲ್ಲ. ಮೂವತ್ತನಾಲ್ಕು ವರ್ಷ ಅವಳು ಮಲಗಿದ್ದು ದೋನಾಳ ಮಂಚದ ಕಾಲ ಬುಡದಲ್ಲಿ, ಒಂದು ಮಡಿಸುವ ಮಂಚದ ಮೇಲೆ. ಸತ್ತ ಮೇಲೂ ಕರೆದರೆ ಓಗೊಡುವವರೊಬ್ಬರು ಬೇಕಲ್ಲ ಎಂಬುದು ಮುದುಕಿಯ ಲೆಕ್ಕಾಚಾರ. ಆದರೆ ಅಷ್ಟು ವರ್ಷ ಒಂದೇ ಕಡೆ ಮಲಗಿದವಳಿಗೆ ಬೇರೆ ಕಡೆ ನಿದ್ದೆ ಬರುವುದಿಲ್ಲ. ಮೂವತ್ತೊಂದು ವರ್ಷದಿಂದ ಆ ಕಲ್ಲು ಒರೆಸಿದವಳೂ ಅವಳೇ. ದೋನಾಳ ಮಾತಿಗೆ ಕಾಗದವಿರಲಿಲ್ಲ. ಗೋರಿಯ ಹಕ್ಕು ಮೊಮ್ಮಗನದು. ಲಿಸ್ಬನ್ನಿಗೆ ಮೂರು ಪತ್ರ ಬರೆದಿದ್ದಳು. ಮೂರಕ್ಕೂ ಒಂದೇ ಉತ್ತರ: ಬಂದಾಗ ನೋಡೋಣ.

ಬಂದಿದ್ದಾನೆ. ಕಾಫಿಯ ಜೊತೆಗೆ ಅವಳು ಅರ್ಜಿಯನ್ನೂ ಮೇಜಿನ ಮೇಲಿಟ್ಟಳು.

ಗೊನ್ಸಾಲು ಓದಿದ. ಕನ್ನಡಕ ತೆಗೆದ. ಮುಖದಲ್ಲಿ ದೊಡ್ಡ ಮನಸ್ಸಿನವನ ಕಳೆ ಬಂತು; ಬೆನ್ವಿಂದಾಳಿಗೆ ಆಗಲೇ ಗೊತ್ತಾಯಿತು, ಕೆಲಸ ಕೆಟ್ಟಿತು ಎಂದು.

“ನೋಡು ಬೆನ್ವಿಂದಾ, ನೀನು ನಮ್ಮ ಮನೆಯವಳ ಥರಾನೇ. ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಆ ಒಂದು ಸಾಲು ಉಳಿದಿದೆಯಲ್ಲ, ಅದು ನಂಗೆ ಬೇಕು.”

“ನಿಂಗ್ಯಾಕೆ ಮೆನಿನೊ? ನೀನಿರೋದು ಅಲ್ಲಿ.”

“ಇರೋದು ಅಲ್ಲಿ. ಮಲಗೋದು ಇಲ್ಲಿ, ನನ್ನ ಜನರ ಜೊತೆ. ವಿಮಾನದಲ್ಲೇ ತೀರ್ಮಾನ ಮಾಡ್ಬಿಟ್ಟೆ. ನನ್ನ ಬೂದಿ ಇಲ್ಲಿಗೆ ಬರುತ್ತೆ. ಹೆಸರು ಮಾತ್ರ ಈಗಲೇ ಕೆತ್ತಿಸ್ಬಿಡ್ತೀನಿ, ನಾನೂ ಒಂದ್ಸಲ ನೋಡ್ಬೇಕಲ್ಲ.”

“ಫೋಟೊ ತೆಗಿಯೋಕೆ,” ಎಂದಳು ಮಫಾಲ್ಡಾ, ಕಿಟಕಿಯ ಆಚೆ ನೋಡುತ್ತ. ಆ ಮನೆಯೊಳಗೆ ಬಂದ ಮೇಲೆ ಅವಳು ಆಡಿದ ಮೊದಲ ಮಾತು ಅದು. ಬೆನ್ವಿಂದಾ ಅವಳ ಕಪ್ಪಿಗೆ ಇನ್ನಷ್ಟು ಕಾಫಿ ಬಗ್ಗಿಸಿದಳು.

“ನಿಂಗೆ ಬೇರೆ ಏನಾದ್ರೂ ಒಳ್ಳೆ ವ್ಯವಸ್ಥೆ ಮಾಡೋಣ,” ಎಂದ ಗೊನ್ಸಾಲು, ಅರ್ಜಿಯನ್ನು ವಾಪಸು ಸರಿಸಿ. ಮೇಜಿನ ಮೇಲೆ ಕಾಫಿ ಚೆಲ್ಲಿತ್ತು. ಅದು ಅರ್ಜಿಯ ಮೂಲೆಗೆ ಹತ್ತಿತು.

ಮಾರನೆಯ ಬೆಳಿಗ್ಗೆ ಅವನು ಬೆನ್ವಿಂದಾಳನ್ನೇ ಜೊತೆಗೆ ಕರೆದುಕೊಂಡು ಹೋದ. ಸ್ಮಶಾನದ ಗೇಟಿನ ಎದುರು ಯೊಂಗ್ ಸೀಫೂವಿನ ಕಲ್ಲಿನ ಅಂಗಡಿ. ಸೀಫೂ ಎಂದರೆ ಕಸಬಿನ ಗುರು. ಐವತ್ತು ವರ್ಷದಿಂದ ಊರಿನ ಸತ್ತವರ ಹೆಸರುಗಳನ್ನು ಮೂರು ಲಿಪಿಯಲ್ಲಿ ಕೆತ್ತಿದವನು, ಒಂದರಲ್ಲೂ ಮಾತಾಡಲು ಇಷ್ಟವಿಲ್ಲದವನು. ಕ್ಯಾಂಟನೀಸು ಬಿಟ್ಟರೆ ಬೇರೆ ಭಾಷೆ ಅವನ ಬಾಯಿಗೆ ಬರುತ್ತಿರಲಿಲ್ಲ. ನಡುವೆ ನಿಂತು ಎರಡೂ ಕಡೆಯ ಮಾತನ್ನು ದಾಟಿಸುವ ಕೆಲಸ ಬೆನ್ವಿಂದಾಳದ್ದಾಯಿತು. ಕೂದಲೆಳೆಯಷ್ಟೂ ಆಚೀಚೆ ಮಾಡದೆ ದಾಟಿಸಿದಳು.

“ಬದುಕಿರೋನ ಹೆಸರಾ?” ಸೀಫೂ ಗೊನ್ಸಾಲುವನ್ನು ಮೇಲಿಂದ ಕೆಳಗೆ ನೋಡಿದ. “ಆಗ್ಲಿ, ಮಾಡ್ತಾರೆ. ಹಾಗಾದ್ರೆ ಕೆಂಪು. ಜೀವ ಇರೋನ ಹೆಸರಿಗೆ ಕೆಂಪು ಬಣ್ಣ. ಹೋದ್ಮೇಲೆ ಕೆಂಪು ತೆಗೆದು ಚಿನ್ನ ಹಚ್ತೀವಿ. ವಿಂದಾ ಜೆ, ಇದು ನಿಂಗೆ ಗೊತ್ತಿರೋದೇ ಅಲ್ವಾ?” ಜೆ ಎಂದರೆ ಅಕ್ಕ. ಅವನು ಅವಳಿಗಿಂತ ಮೂರು ವರ್ಷ ದೊಡ್ಡವನು. ಆದರೂ ಅಕ್ಕ ಎನ್ನುತ್ತಿದ್ದ, ಮರ್ಯಾದೆಗೋ ತಮಾಷೆಗೋ.

“ಕೆಂಪಾ?” ಗೊನ್ಸಾಲು ಕೈ ಝಾಡಿಸಿದ. “ಛೆ, ಛೆ. ಬಿಳಿ ಕಲ್ಲಿನ ಮೇಲೆ ಕೆಂಪು ಹೋಟೆಲ್ ಬೋರ್ಡಿನ ಹಾಗೆ ಕಾಣುತ್ತೆ. ಮೇಲಿನ ಆರೂ ಚಿನ್ನ, ಇದೂ ಚಿನ್ನಾನೇ. ಇವೆಲ್ಲ ಚೀನೀಯರ ಮೂಢನಂಬಿಕೆ, ನಾವು ಕ್ಯಾಥೊಲಿಕರು ಅಂತ ಹೇಳು ಅವನಿಗೆ.”

ನಿನ್ನೆ ಊಟದಲ್ಲಿ ನಾಲ್ಕು ಸಲ ಹರಿದ ಸಂಗಮದ ಒಂದು ನದಿ ಹೀಗೆ ಬೆಳಿಗ್ಗೆ ಹತ್ತೂವರೆಗೆ ಬತ್ತಿಹೋಯಿತು.

“ಮೆನಿನೊ,” ಎಂದಳು ಬೆನ್ವಿಂದಾ, “ಈ ಊರಲ್ಲಿ ಕ್ಯಾಥೊಲಿಕರೂ ಹಾಗೇ ಓದೋದು. ಚಿನ್ನ ಅಂದ್ರೆ ಹೋದೋನು.”

“ನಮ್ಮ ಮನೆತನದ ಪದ್ಧತಿ ನೀನು ನಂಗೆ ಹೇಳ್ಕೊಡ್ಬೇಡ.”

ಒಂದು ಸಲ ಹೇಳಬೇಕಿತ್ತು, ಹೇಳಿದ್ದಳು. ಎರಡನೆಯ ಸಲ ಹೇಳಲು ತಾನೇನು ಅವನ ತಾಯಿಯೇ? ಅವಳು ಸೀಫೂವಿನ ಕಡೆ ತಿರುಗಿದಳು. “ಚಿನ್ನಾನೇ ಬೇಕಂತೆ. ನಿನ್ನದು ಮೂಢನಂಬಿಕೆಯಂತೆ, ಅವನು ಕ್ಯಾಥೊಲಿಕನಂತೆ.”

“ತಲೆ ಸರಿ ಇದೆಯಾ?”

“ಕಲಿತೋನು.”

“ಹಾಗಾದ್ರೆ ಹೇಳಿ ಪ್ರಯೋಜನ ಇಲ್ಲ,” ಎಂದ ಸೀಫೂ, ಅಳತೆಯ ಟೇಪು ಎತ್ತಿಕೊಂಡ.

ನವೆಂಬರ್ ಒಂದರ ಮಧ್ಯಾಹ್ನದ ಹೊತ್ತಿಗೆ ಅಕ್ಷರ ಒಣಗಿತ್ತು. ಗೊನ್ಸಾಲು ವಿಡಿಗಾಲ್, ಹುಟ್ಟಿದ್ದು ೧೯೬೭. ಅವನು ಕಲ್ಲಿನ ಪಕ್ಕ ಕೂತು, ನಿಂತು, ಒರಗಿ ಫೋಟೊ ತೆಗೆಸಿಕೊಂಡ. ಆಮೇಲೆ ಊರಿಗೇ ಹೆಸರಾದ ಮೊಟ್ಟೆಯ ಸಿಹಿ ಟಾರ್ಟ್ ತಿನ್ನಲು ಹೆಂಡತಿಯನ್ನು ಕರೆದುಕೊಂಡು ಹೋದ. ಲಿಸ್ಬನ್ನಿನ ರುಚಿ ಇಲ್ಲ ಎಂದು ಅದಕ್ಕೂ ಮೂಗು ಮುರಿಯಬೇಕಿತ್ತಲ್ಲ.

ಬೆನ್ವಿಂದಾ ಬಕೆಟ್ಟು, ಬಟ್ಟೆ ಹಿಡಿದು ಕಲ್ಲು ಒರೆಸಲು ನಿಂತಳು. ಮಾರನೆಯ ದಿನ ಸತ್ತವರ ಹಬ್ಬ. ಸೇವಂತಿಗೆ ಹೂವಿನ ರಾಶಿಗಳ ನಡುವೆ ದೋನಾ ಎಡೀಟ್ ಕೋಲೂರಿಕೊಂಡು ಬಂದಳು. ಎಂಬತ್ತಾರು ವರ್ಷ, ಕಣ್ಣು ಅರ್ಧ ಮಾತ್ರ, ಕೈಯಲ್ಲೊಂದು ನೋಟ್‌ಬುಕ್. ಹಬ್ಬದ ಪೂಜೆಯಲ್ಲಿ ಆ ವರ್ಷ ತೀರಿಕೊಂಡವರ ಹೆಸರನ್ನು ಪಾದ್ರಿ ಓದುತ್ತಾರೆ. ಆ ಪಟ್ಟಿ ಬರೆಯುವುದು ಮೂವತ್ತು ವರ್ಷದಿಂದ ಎಡೀಟಳ ಕೆಲಸ. ಮೊದಲು ಮನೆಮನೆಗೆ ಹೋಗಿ ಕೇಳುತ್ತಿದ್ದಳು. ಮನೆತನಗಳೆಲ್ಲ ಲಿಸ್ಬನ್, ಟೊರಾಂಟೊ, ಸಾವೊ ಪಾವ್ಲೊ ಎಂದು ಚದುರಿದ ಮೇಲೆ ಕೇಳಲು ಮನೆಗಳೇ ಉಳಿಯಲಿಲ್ಲ. ಈಗ ಹಬ್ಬದ ಹಿಂದಿನ ದಿನ ಗೋರಿಗಳ ನಡುವೆ ನಡೆಯುತ್ತಾಳೆ. ಹೊಸ ಚಿನ್ನ ಕಂಡರೆ ಬರೆದುಕೊಳ್ಳುತ್ತಾಳೆ.

ಅವಳು ಕಲ್ಲಿಗೆ ಮೂಗು ತಾಗುವಷ್ಟು ಬಗ್ಗಿದಳು.

“ಅಯ್ಯೋ ದೇವರೇ. ಎರ್ಮೀನಿಯಾಳ ಮೊಮ್ಮಗ! ಆ ಗುಂಡು ಕೆನ್ನೆಯೋನು. ಯಾವಾಗ ಆಯ್ತೇ ಬೆನ್ವಿಂದಾ?”

ಬೆನ್ವಿಂದಾ ಬಟ್ಟೆ ಹಿಂಡಿದಳು. ಸುಳ್ಳು ಹೇಳುವವಳಲ್ಲ, ಸನ್ಯಾಸಿನಿಯರು ಅದಕ್ಕೂ ಬೆತ್ತ ಇಟ್ಟಿದ್ದರು.

“ಕಲ್ಲಲ್ಲಿ ಏನಿದೆಯೋ ಅದೇ ದೋನಾ. ನಾನೇನು ಹೇಳ್ಲಿ?”

ಎಡೀಟ್ ಬರೆದುಕೊಂಡಳು. ಒಂದು ಸೇವಂತಿಗೆಯನ್ನು ತನ್ನ ಗಂಡನ ಪಾಲಿನಿಂದ ಕಿತ್ತು ಗೊನ್ಸಾಲುವಿನ ಸಾಲಿನ ಕೆಳಗಿಟ್ಟಳು.

ಮಾರನೆಯ ಬೆಳಿಗ್ಗೆ ಸ್ಮಶಾನದ ಚಾಪೆಲ್ಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೊನ್ಸಾಲು ಮುಂದಿನ ಬೆಂಚಿನಲ್ಲಿ, ಬಿಳಿ ನಾರಿನ ಕೋಟು ತೊಟ್ಟು ಕೂತಿದ್ದ, ಪಕ್ಕದಲ್ಲಿ ಮಫಾಲ್ಡಾ. ಬೆನ್ವಿಂದಾ ಹಿಂದೆ, ಕಂಬದ ಪಕ್ಕ, ತನ್ನ ಮಾಮೂಲಿ ಜಾಗದಲ್ಲಿ. ಪಾದ್ರಿ ಹೊಸಬ, ಯಾವ ಹೆಸರಿನ ಮುಖವೂ ಅವನಿಗೆ ಗೊತ್ತಿಲ್ಲ. ಒಂದೊಂದೇ ಓದಿದ. ಪ್ರತಿ ಹೆಸರಿಗೂ ಜನ ಒಂದೇ ದನಿಯಲ್ಲಿ ಹೇಳುತ್ತಿದ್ದರು.

“ಗೊನ್ಸಾಲು ವಿಡಿಗಾಲ್.”

“ಅವರ ಆತ್ಮಕ್ಕೆ ಶಾಂತಿ ಸಿಗಲಿ,” ಎಂದರು ಎಲ್ಲರೂ. ಬೆನ್ವಿಂದಾಳ ದನಿ ಬೇರೆಯವರಿಗಿಂತ ತುಸು ಮುಂಚೆ ಎದ್ದಿತು.

ಮಫಾಲ್ಡಾ ಗಂಡನ ತೋಳು ಹಿಡಿದುಕೊಂಡಳು. ಗೊನ್ಸಾಲು ಎದ್ದು ನಿಂತ. “ತಪ್ಪಾಗಿದೆ! ನಾನು ಇಲ್ಲೇ ಇದೀನಿ!” ಎಂದು ಕೂಗಿದ. ಪಾದ್ರಿ ಮುಂದಿನ ಹೆಸರಿಗೆ ಹೋಗಿಯಾಗಿತ್ತು. ಹಿಂದಿನ ಬೆಂಚಿನಿಂದ ಎಡೀಟ್ ಕೋಲು ಚಾಚಿ ಅವನ ಬೆನ್ನು ತಟ್ಟಿದಳು.

“ಕೂತ್ಕೋ ಮಗು. ತಮ್ಮ ಅಲ್ವಾ ನೀನು? ಥೇಟ್ ಅಣ್ಣನ ಹಾಗೇ ಇದೀಯ. ದುಃಖ ಇರುತ್ತಪ್ಪ, ತಡ್ಕೋಬೇಕು.”

“ನಾನೇ ಗೊನ್ಸಾಲು!”

“ಹೌದು ಹೌದು. ಸತ್ತೋರು ನಮ್ಮೊಳಗೇ ಇರ್ತಾರೆ.”

ಹೊರಗೆ ಬಂದರೆ ವಿಡಿಗಾಲ್ ಗೋರಿಯ ಮುಂದೆ ಒಂಬತ್ತು ಮೇಣದಬತ್ತಿ ಉರಿಯುತ್ತಿದ್ದವು. ಮಫಾಲ್ಡಾಳ ಕೈ ಹಿಡಿದು ಅಳಲು ನಾಲ್ವರು ಮುದುಕಿಯರು ಸಾಲಾಗಿ ನಿಂತಿದ್ದರು. ಹೃದಯವೋ, ಸಕ್ಕರೆ ಕಾಯಿಲೆಯೋ ಎಂದು ವಿಚಾರಿಸಿದರು. ಎಡೀಟಳ ಮೊಮ್ಮಗಳು ಕಲ್ಲಿನ ಫೋಟೊವನ್ನು ಹಿಂದಿನ ಸಂಜೆಯೇ, ಊರು ಬಿಟ್ಟವರೂ ಇರುವ ಫೋನಿನ ಗುಂಪಿಗೆ ಹಾಕಿದ್ದಳು. ಹನ್ನೊಂದು ಗಂಟೆಗೆ ಪೋರ್ಟೊದಿಂದ ಗೊನ್ಸಾಲುವಿನ ತಮ್ಮನ ಫೋನು ಬಂತು. ಅಣ್ಣನ ದನಿ ಕೇಳಿ ಆ ತಮ್ಮ ಮೊದಲು ಅತ್ತ, ಆಮೇಲೆ ಬೈದ.

“ಅದನ್ನ ತೆಗೆಸು,” ಎಂದಳು ಮಫಾಲ್ಡಾ. “ಈಗಲೇ.”

“ಬರೀ ಒಂದು ಅಪಾರ್ಥ, ಮಫಾಲ್ಡಾ. ಮೂಢನಂಬಿಕೆ...”

“ಇನ್ನೂರು ಜನ ನಿನ್ನ ಆತ್ಮಕ್ಕೆ ಶಾಂತಿ ಕೋರಿದ್ರು. ನಾನೂ ಅಭ್ಯಾಸಬಲದಿಂದ ಕೋರ್ಬಿಟ್ಟೆ. ತೆಗೆಸು.”

ಗೊನ್ಸಾಲುವಿನ ಮುಖ ಅವನ ಕೋಟಿನ ಬಣ್ಣಕ್ಕೆ ಬಂದಿತ್ತು. ಕ್ಯಾಥೊಲಿಕನೊಬ್ಬ ಮೂಢನಂಬಿಕೆಗೆ ಹೆದರಿದಾಗ ಎಷ್ಟು ವೇಗವಾಗಿ ನಡೆಯುತ್ತಾನೆ ಎಂಬುದನ್ನು ಬೆನ್ವಿಂದಾ ಅವತ್ತು ನೋಡಿದಳು. ಗೇಟಿನವರೆಗೆ ಅವಳು ಓಡಬೇಕಾಯಿತು.

ಯೊಂಗ್ ಸೀಫೂ ಬಟ್ಟಲಿನಿಂದ ಗಂಜಿ ಕುಡಿಯುತ್ತಿದ್ದ. ಬೆನ್ವಿಂದಾ ವಿಷಯ ದಾಟಿಸಿದಳು. ಅವನು ಬಟ್ಟಲು ಕೆಳಗಿಡಲಿಲ್ಲ.

“ಉಜ್ಜಿ ತೆಗೀಬಹುದು. ಕಲ್ಲು ದಪ್ಪ ಇದೆ. ಆ ಸಾಲು ಸ್ವಲ್ಪ ತಗ್ಗಾಗುತ್ತೆ ಅಷ್ಟೆ. ಆದ್ರೆ ಖಾಲಿ ಬಿಡಲ್ಲ ನಾನು.”

“ಯಾಕಂತೆ?” ಎಂದ ಗೊನ್ಸಾಲು.

“ಹೆಸರು ಅಳಿಸಿದ ಜಾಗ ಖಾಲಿ ಬಿಟ್ರೆ, ಅಳಿಸಿದೋನಿಗೋಸ್ಕರ ಕಲ್ಲು ಕಾಯ್ತಾ ಇರುತ್ತೆ. ಬೇರೆ ಹೆಸರು ಕೂರ್ಬೇಕು. ಇವತ್ತೇ ಕೂರ್ಬೇಕು.” ಸೀಫೂ ಗಂಜಿ ಗುಟುಕರಿಸಿದ. “ಬೇಕಾದ್ರೆ ಇವನ ಹೆಂಡತಿ ಹೆಸರು ಹಾಕ್ತೀನಿ ಅಂತ ಕೇಳು.”

ಬೆನ್ವಿಂದಾ ಅದನ್ನೂ ಹಾಗೆಯೇ ದಾಟಿಸಿದಳು. ಮಫಾಲ್ಡಾ ಒಂದು ಹೆಜ್ಜೆ ಹಿಂದೆ ಸರಿದಳು. ಗೊನ್ಸಾಲು ಕರವಸ್ತ್ರದಿಂದ ಕತ್ತು ಒರೆಸಿಕೊಂಡ, ರಸ್ತೆ ನೋಡಿದ, ಕೊನೆಗೆ, ನೋಡಲು ಬೇರೇನೂ ಉಳಿಯದೆ, ಬೆನ್ವಿಂದಾಳನ್ನು ನೋಡಿದ. ಬಂದ ನಾಲ್ಕು ದಿನದಲ್ಲಿ ಅವಳ ಮುಖವನ್ನು ಅವನು ನೆಟ್ಟಗೆ ನೋಡಿದ್ದು ಅದೇ ಮೊದಲು.

“ಆ ಅರ್ಜಿ ಎಲ್ಲಿದೆ?”

ಪ್ರಾರ್ಥನೆ ಪುಸ್ತಕ ಅವಳ ಕೈಯಲ್ಲೇ ಇತ್ತು. ಕಾಫಿಯ ಕಲೆ ಮೂಲೆಯಲ್ಲಿ ಒಣಗಿತ್ತು. ಗೊನ್ಸಾಲು ಸೀಫೂವಿನ ಕಲ್ಲಿನ ಮೇಲೆ ಕಾಗದವಿಟ್ಟು ಸಹಿ ಮಾಡಿದ. ಸಹಿಯ ಶಾಯಿ ಆರುವಷ್ಟರಲ್ಲಿ ದೊಡ್ಡ ಮನಸ್ಸು ಮರಳಿ ಬಂತು.

“ಬೇಕಾದ್ರೆ ವಿಡಿಗಾಲ್ ಅಂತಾನೇ ಹಾಕಿಸ್ಕೋ ಬೆನ್ವಿಂದಾ. ನನ್ನ ಅಭ್ಯಂತರ ಇಲ್ಲ.”

“ಬೇಡ ಮೆನಿನೊ. ಜಾಗ ಸಾಕು.”

“ದೋನಾ ಬೆನ್ವಿಂದಾ,” ಎಂದಳು ಮಫಾಲ್ಡಾ ಹೊರಡುವಾಗ, ಕೈ ಚಾಚಿ, “ಆ ಮಿಂಚಿ ತುಂಬಾ ಚೆನ್ನಾಗಿತ್ತು.” ಬೆನ್ವಿಂದಾಳನ್ನು ದೋನಾ ಎಂದು ಕರೆದವರು ಆ ವಂಶದಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಇವಳೂ ವಂಶದವಳಲ್ಲ, ಮದುವೆಯಾಗಿ ಬಂದವಳು.

ಅವರಿಬ್ಬರೂ ಟ್ಯಾಕ್ಸಿ ಹತ್ತಿ ಹೋದ ಮೇಲೆ ಸೀಫೂ ಉಜ್ಜುವ ಯಂತ್ರ ಹೆಗಲಿಗೇರಿಸಿಕೊಂಡು ಗೋರಿಯ ಬಳಿ ಬಂದ. ಮೇಣದಬತ್ತಿಗಳನ್ನು ಪಕ್ಕಕ್ಕೆ ಸರಿಸಿದ. ಒಂದು ಗಂಟೆಯಲ್ಲಿ ಗೊನ್ಸಾಲು ವಿಡಿಗಾಲ್ ಬಿಳಿ ಪುಡಿಯಾಗಿ ಸೇವಂತಿಗೆಗಳ ಮೇಲೆ ಬಿದ್ದಿದ್ದ.

“ಖಾಲಿ ಬಿಟ್ರೆ ಕಲ್ಲು ಕಾಯುತ್ತೆ ಅಂದ್ಯಲ್ಲ, ಆ ನಿಯಮ ಯಾವ ಕಾಲದ್ದು?” ಎಂದು ಬೆನ್ವಿಂದಾ ಕೇಳಿದಳು.

“ಇವತ್ತು ಮಧ್ಯಾಹ್ನದ್ದು,” ಎಂದ ಸೀಫೂ. “ಏನು ಬರೀಲಿ ವಿಂದಾ ಜೆ?”

“ಬೆನ್ವಿಂದಾ. ಸಾವಿರದ ಒಂಬೈನೂರ ನಲವತ್ತೆಂಟು. ಅಷ್ಟೇ. ಕೆಂಪು ಹಚ್ಚು, ನಾನಿನ್ನೂ ಇದೀನಿ.”

ಸಂಜೆಯ ಬಿಸಿಲು ಇಳಿಯುವ ಮುಂಚೆ ಬಣ್ಣ ಹಚ್ಚಿ ಮುಗಿಯಿತು. ಚಿನ್ನದ ಆರು ಸಾಲುಗಳ ಕೆಳಗೆ, ತುಸು ತಗ್ಗಿನಲ್ಲಿ, ಒಂದು ಸಾಲು ಹಸಿ ಕೆಂಪು. ಹೋಟೆಲ್ ಬೋರ್ಡಿನ ಹಾಗೇ ಕಾಣುತ್ತಿತ್ತು. ಆ ಒಂದು ಮಾತು ಮಾತ್ರ ಮೆನಿನೊ ಸರಿಯಾಗಿ ಹೇಳಿದ್ದ. ಬೆನ್ವಿಂದಾ ಬಕೆಟ್ಟಿನಿಂದ ಬಟ್ಟೆ ತೆಗೆದು, ಮೂವತ್ತೊಂದು ವರ್ಷದ ರೂಢಿಯಂತೆ ಮೊದಲ ಹೆಸರಿನ ಮೇಲಿನ ಪುಡಿ ಒರೆಸಲು ಕೈ ಎತ್ತಿದಳು. ಎತ್ತಿದ ಕೈ ಹಾಗೆಯೇ ನಿಂತಿತು. ಬಟ್ಟೆಯನ್ನು ವಾಪಸು ಬಕೆಟ್ಟಿಗೆ ಹಾಕಿದಳು.

“ನೀನು ಇಲ್ಲಿ ಒಳಗೆ ಬಂದ್ಮೇಲೆ ಈ ಕಲ್ಲು ಒರೆಸೋರು ಯಾರು?” ಎಂದ ಸೀಫೂ, ಕುಂಚ ತೊಳೆಯುತ್ತ.

“ಯಾರೂ ಇಲ್ಲ. ಧೂಳು ಹಿಡೀಲಿ,” ಎಂದಳು ಬೆನ್ವಿಂದಾ. “ದೋನಾ ಕೇಳಿದ್ರೆ, ಇವತ್ತು ನಂಗೆ ರಜಾ ಅಂತ ಅಲ್ಲೇ ಹೇಳ್ತೀನಿ.”